ಒಂದೇ ಸಲದ ಬಲ್ಬು

ಗೌಸ್ ಪೀರ್ ಸಾಬರ ಸ್ಟುಡಿಯೊ ಈಗ ಮೊಬೈಲ್ ಕವರಿನ ಅಂಗಡಿ.
ಅಟ್ಟ ಖಾಲಿ ಮಾಡುವಾಗ ಅವರ ಸೊಸೆ ಕರೆದು
ಬಿಸ್ಕತ್ತಿನ ಡಬ್ಬಿಯೊಂದನ್ನು ಕೊಟ್ಟರು.
ಹತ್ತಿಯಲ್ಲಿ ಮಲಗಿಸಿದ ಹನ್ನೊಂದು ಬಲ್ಬು.
"ಮಾವ ನಿಮ್ಮ ಹೆಸರು ಬರೆದಿಟ್ಟಿದ್ರು."
ಹೆಸರಲ್ಲ, ಮುಚ್ಚಳದ ಮೇಲೆ ಬರೆದದ್ದು
'ಹುಡುಗನಿಗೆ' ಎಂದು.
ಹುಡುಗನಿಗೆ ಈಗ ಐವತ್ತೆರಡು.

ಕಿಟಕಿಗೆ ಹಿಡಿದು ನೋಡಿದೆ. ಗಾಜಿನೊಳಗೆ
ಲೋಹದ ಎಳೆ, ಕೂದಲಿಗಿಂತ ಸಣ್ಣದು, ಗೋಜಲು ಗೋಜಲು.
ಶಿಡ್ಲಘಟ್ಟದವನಿಗೆ ಬೇರೇನು ಹೊಳೆದೀತು,
ಗೂಡು.
ಒಂದೊಂದರ ನೆತ್ತಿಯಲ್ಲೂ ಚುಕ್ಕೆ.
ನೀಲಿ ಇದ್ದರೆ ಜೀವ ಇದೆ,
ಗುಲಾಬಿಯಾದರೆ ಒಳಗೆ ಗಾಳಿ ಹೊಕ್ಕಿದೆ,
ಹೊಡೆದರೆ ಸಿಡಿಯುತ್ತೆ, ಮುಖ ಜೋಪಾನ
ಎಂದಿದ್ದರು ಸಾಬರು, ಸಾವಿರ ಮದುವೆಗಳ ಹಿಂದೆ.
ಹತ್ತು ನೀಲಿ. ಒಂದು ಗುಲಾಬಿ.

ನನ್ನ ಹಳೆಯ ಡಿಜಿಟಲ್ ಕ್ಯಾಮೆರಾದ ಹೊಟ್ಟೆ ಬಿಚ್ಚಿ
ಒಳಗಣ್ಣಿನ ಮುಂದಿದ್ದ ತೆಳು ಗಾಜನ್ನು ಕಿತ್ತಿದ್ದೇನೆ.
ಕೆಂಪಿನಾಚೆಯ ಬೆಳಕನ್ನು ಹೊಸ್ತಿಲಲ್ಲೇ
ತಡೆಯುವುದು ಅದರ ಕೆಲಸ. ಕಾವಲಿನವನು ಹೋದ.
ಈ ಬಲ್ಬಿನ ಉರಿಯಲ್ಲೋ
ಕಾಣುವುದಕ್ಕಿಂತ ಕಾಣದ್ದೇ ಹೆಚ್ಚು.
ಬಿಸಿಲು ಕುಡಿಸಿ ತೊಳೆಸಿದ ಕಲರ್ ನೆಗೆಟಿವ್,
ಕಪ್ಪಗೆ ಎರಡು ಪದರ, ಅದರ ಮುಖಕ್ಕೆ ಮುಸುಕು.
ಆಮೇಲೆ ಹೊಡೆದರೂ ಕತ್ತಲು ಕತ್ತಲಾಗೇ ಇರುತ್ತದೆ,
ಚಿತ್ರ ಮಾತ್ರ ಬಂದಿರುತ್ತದೆ.

ಕಲಿಯುವುದರಲ್ಲೇ ಏಳು ಸುಟ್ಟೆ.
ಒಂದು ಹೊತ್ತಲೇ ಇಲ್ಲ. ಸಾಬರು ಮಾಡುತ್ತಿದ್ದಂತೆ
ತಳಕ್ಕೆ ನಾಲಿಗೆ ತಾಕಿಸಿದೆ. ಹೊತ್ತಿತು.

ಮೇಲೂರು ದಾಟಿದರೆ ಮುನಿವೆಂಕಟಮ್ಮನ ಹುಳುಮನೆ.
ನಾಲ್ಕನೇ ಜ್ವರ ಎದ್ದ ಹುಳು, ತಟ್ಟೆ ತಟ್ಟೆ ಸೊಪ್ಪು.
ಕತ್ತಲಲ್ಲಿ ಅವುಗಳ ಬಾಯಿಯದೇ ಸದ್ದು,
ಸಂತೆ ಮುಗಿದ ಮೇಲೆ ಕಾಗದ ಉರುಳಿದ ಹಾಗೆ.
ಕೆನ್ನೆಗೆ, ಕತ್ತಿಗೆ, ಎರಡೂ ಕೈಗೆ ತೊನ್ನು ಅವಳಿಗೆ.
ಆಧಾರಿಗೆ ಬಿಟ್ಟರೆ ಯಾವ ಕ್ಯಾಮೆರಾಗೂ ಮುಖ ಕೊಟ್ಟವಳಲ್ಲ.
ತಂಗಿಯ ಮದುವೆ ಆಲ್ಬಮ್ಮಿನಲ್ಲಿ
ಅವಳಿರುವುದು ಒಂದೇ ಕಡೆ,
ಅನ್ನದ ಗುಂಡಿಯ ಹಿಂದೆ ಒಂದು ಮೊಣಕೈ.
ಆ ಫೋಟೋ ತೆಗೆದವನು ನಾನು.

"ಹುಳಾನ ತೆಕ್ಕೋ. ನನ್ನನ್ಯಾಕೆ?"
"ಕತ್ತಲಲ್ಲೇ ತೆಗೀತೀನಿ ಅಕ್ಕ."
"ಕತ್ತಲಾಗ ಏನ್ ಬತ್ತದೋ ನೋಡಾಣ, ತೆಗಿ ಮತ್ತೆ,"
ನಕ್ಕಳು. ಬಲ್ಬಿನೊಳಗೆ ಟಿಕ್ ಎಂದಿತು, ಅಷ್ಟೆ.
ಒಂದು ಹುಳವೂ ತಲೆಯೆತ್ತಲಿಲ್ಲ.

ಪರದೆಯ ಮೇಲೆ
ಹಿಪ್ಪುನೇರಳೆ ಎಲೆ ಹಿಟ್ಟಿನ ಹಾಗೆ ಬಿಳಿ,
ಅವಳ ಕರಿಸೀರೆಯೂ ಬೂದಿ ಬಣ್ಣ.
ಮುಖ ಒಂದೇ ಹಾಲು.
ಎಲ್ಲಿ ಮುಗಿಯಿತು ಚರ್ಮ, ಎಲ್ಲಿ ಶುರುವಾಯಿತು ತೊನ್ನು,
ಗೆರೆಯೇ ಇಲ್ಲ. ಕೈ ಮೇಲೆ ನರಗಳು ಮಾತ್ರ
ಎಲೆಯ ಬೆನ್ನಿನಂತೆ.

ತುಂಬಾ ಹೊತ್ತು ನೋಡಿದಳು.
ಅಳುತ್ತಾಳೆ ಅಂದುಕೊಂಡಿದ್ದೆ.
"ಕಣ್ಣು ಇಷ್ಟು ದೊಡ್ಡವಾ ನಂದು?
ಒಬ್ಬರಾನ ಏಳಲಿಲ್ವಲ್ಲ."
ಆಮೇಲೆ ಬೆರಳಿಂದ ಪರದೆಯನ್ನು ಉಜ್ಜಿ,
ಧೂಳೇನೋ ಎಂಬಂತೆ ಮತ್ತೆ ಉಜ್ಜಿ:
"ಇದು ನಾನಲ್ಲ ಕಣಪ್ಪ.
ಮೂವತ್ತು ವರ್ಸ ಕೂಡೆ ಬಾಳಿದ್ದು, ಎಲ್ಲಿಕ್ಕೆ ಕಳಿಸ್ಬುಟ್ಟೆ?
ಆ ಕರಿ ಹಾಳೆ ತೆಗೆದು ಹೊಡಿ ಒಂದು."

ಹುಳು ಬೆದರುತ್ತವೆಂದು ಅಂಗಳಕ್ಕೆ ಬಂದೆವು.
ಬ್ಯಾಗಿನಿಂದ ಮಾಮೂಲಿ ಕ್ಯಾಮೆರಾ ತೆಗೆದೆ,
ಪಾಸ್‌ಪೋರ್ಟ್ ಫೋಟೋದ್ದು.
ಸೊಪ್ಪಿನ ಕುಕ್ಕೆಯ ಮೇಲೆ ಕೂತಳು, ಸೆರಗು ಹೊದೆಯಲಿಲ್ಲ.
ಮೊದಲ ಸಲ ಬಲ್ಬು ಮಾತಾಡಲಿಲ್ಲ.
ನಾಲಿಗೆಯ ವಿಷಯ ಹೇಳಿದೆ.
"ಕೊಡಿಲ್ಲಿ," ಎಂದು ಕಿತ್ತುಕೊಂಡು
ತಾನೇ ನೆಕ್ಕಿ ಕೊಟ್ಟಳು.

ಹಗಲು.
ಗೋಡೆ, ಬೇವು, ಕಟ್ಟಿದ ಕರು, ಅವಳು,
ಎಲ್ಲ ಒಮ್ಮೆಗೇ ಇದ್ದವು.
ಆಮೇಲೆ ಇಬ್ಬರಿಗೂ ಏನೂ ಕಾಣದೆ
ಹಸಿರು ಮಚ್ಚೆಗಳ ನಡುವೆ ನಗುತ್ತ ನಿಂತೆವು.

ಬಿಸಿ ಬಲ್ಬನ್ನು ಸೆರಗಲ್ಲಿ ಹಿಡಿದು ಬಿಚ್ಚಿಕೊಂಡಳು.
ಗಾಜು ಬೊಬ್ಬೆ ಎದ್ದಿತ್ತು, ಒಳಗೆ ಮಸುಕು ಬಿಳಿ.
"ಎಷ್ಟು ಉಳಿದವೆ?"
"ಎರಡು. ಒಂದಕ್ಕೆ ಗಾಳಿ ಹೊಕ್ಕಿದೆ."
"ಅದನ್ನ ಹೊಡೀಬ್ಯಾಡ," ಎಂದಳು,
"ಹಂಗೇ ಇರ್ಲಿ, ಪಾಪ."